ಯಜಮಾನರ ಗಿಟಾರೂ ನನ್ನ ಕೆಂಪು ಪೆನ್ನೂ

ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ಮದುವೆಯಾದ ವಾರದಿಂದ ನಡೆಯುತ್ತಿದೆ. ಮುಗಿಯಿತು ಅಂದುಕೊಂಡಾಗಲೆಲ್ಲ ಹೊಸ ಫಜೀತಿಯೊಂದು ಬಂದು ಅದನ್ನು ಮತ್ತೆ ಎಬ್ಬಿಸುತ್ತದೆ. ರಾಕ್ ಹಾಡಿನ ಸಾಲುಗಳು ಕವಿತೆಯ ಸಮಕ್ಕೆ ನಿಲ್ಲುತ್ತವೆಯೋ ಇಲ್ಲವೋ ಎಂಬುದೇ ಆ ವ್ಯಾಜ್ಯ.

ನಾನು ವಾಮಂಜೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಯಜಮಾನರು ವಾರವಿಡೀ ಜನರಿಗೆ ವಿಮೆ ಮಾಡಿಸುತ್ತಾರೆ, ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದವರೇ ಗಿಟಾರ್ ಹಿಡಿಯುತ್ತಾರೆ. ಜೆಪ್ಪುವಿನ ನಮ್ಮ ಮನೆಯಲ್ಲಿ ಜಗಳವೆಲ್ಲ ಕೊಂಕಣಿಯಲ್ಲಿ, ಅವರು ಬರೆಯುವ ಹಾಡು ಮಾತ್ರ ಕನ್ನಡದಲ್ಲಿ. ಯಾಕೆಂದರೆ ನನ್ನ ಬಾಯಿಂದ ಒಂದೇ ಒಂದು ಸಲ 'ಇದು ಕವಿತೆ' ಅನ್ನಿಸಬೇಕು ಎಂಬುದು ಅವರ ಹಟ. ಪ್ರತಿ ಹೊಸ ಹಾಡೂ ಮೊದಲು ನನ್ನ ಮೇಜಿಗೆ ಬರುತ್ತದೆ. ನಾನು ಕೆಂಪು ಪೆನ್ನಿನಲ್ಲಿ ತಿದ್ದಿ ಹಿಂದೆ ಕೊಡುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ನನಗೂ ದಿನವಿಡೀ ಒಳಗೊಳಗೇ ಚಡಪಡಿಕೆ. ಆದರೂ ಕವಿತೆ ಅನ್ನಲು ನಾಲಿಗೆ ಒಪ್ಪುವುದಿಲ್ಲ.

ಸೇತುವೆಯ ಮೇಲೆ

ಒಮ್ಮೆ ಕೂಳೂರು ಸೇತುವೆಯ ಮೇಲೆ ಬ್ಲಾಕ್ ಆಗಿ ನಮ್ಮ ಕಾರು ನಿಂತಿತ್ತು. ಯಜಮಾನರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಸ್ಟೇರಿಂಗ್ ಮೇಲೆ ತಾಳ ಹಾಕುತ್ತಾ, "ಕವಿತೆಗೂ ನನ್ನ ಹಾಡಿಗೂ ಎಂತ ವ್ಯತ್ಯಾಸ, ಹೇಳು ನೋಡುವ" ಅಂದರು.

"ಕವಿತೆಯನ್ನು ಸದ್ದಿಲ್ಲದೆ ಓದಿದರೂ ಅದು ಕವಿತೆಯೇ. ನಿಮ್ಮದು ಸ್ಪೀಕರ್ ತೆಗೆದರೆ ಏನೂ ಉಳಿಯುವುದಿಲ್ಲ" ಅಂದೆ.

ಅವರು ತಕ್ಷಣ ಎಂಜಿನ್ ಆಫ್ ಮಾಡಿ, ಕಿಟಕಿ ಗಾಜು ಏರಿಸಿ, ಜೇಬಿನಿಂದ ಹಾಳೆ ತೆಗೆದರು. "ಈಗ ಸದ್ದಿಲ್ಲ. ಓದು."

ಓದುತ್ತಾ ಕೂತೆ. ಪೆನ್ನೂ ಹೊರಗೆ ಬಂತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಮುಂದಿನ ಗಾಡಿಗಳೆಲ್ಲ ಹೋಗಿಯಾಗಿತ್ತು, ಹಿಂದಿನವರೆಲ್ಲ ಹಾರ್ನ್ ಒತ್ತುತ್ತಿದ್ದರು. ಟ್ರಾಫಿಕ್ ಪೊಲೀಸ್ ಓಡಿ ಬಂದು ಗಾಜು ತಟ್ಟಿದ.

"ಎಂತ ಮಾರಾಯ್ರೆ, ಗಾಡಿ ಹಾಳಾಯ್ತಾ?"

"ಗಾಡಿ ಸರಿ ಉಂಟು ಸರ್. ಹಾಡು ಸರಿ ಉಂಟಾ ಅಂತ ನೋಡ್ತಾ ಇದ್ದೇವೆ" ಅಂದರು ಯಜಮಾನರು.

ಅವನು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಆ ಹಾರ್ನುಗಳ ನಡುವೆ ನಾಲ್ಕು ಸಾಲು ಓದಿದ. "ಹಾಡೂ ಸರಿ ಉಂಟು. ಇನ್ನು ಹೊರಡಿ" ಅಂದ.

ಮನೆ ಮುಟ್ಟುವ ತನಕ ಯಜಮಾನರದು ಒಂದೇ ಮಾತು: "ಸರಕಾರವೇ ಒಪ್ಪಿದೆ, ನಿನ್ನದೊಂದು ಬಾಕಿ."

ಮೊದಲ ಡ್ಯಾನ್ಸ್

ನನ್ನ ಅಕ್ಕನ ಮಗಳ ಮದುವೆ. ವಧೂವರರ ಮೊದಲ ಡ್ಯಾನ್ಸಿಗೆ ಬ್ಯಾಂಡಿನ ಹುಡುಗರು ಒಂದು ಇಂಗ್ಲಿಷ್ ರಾಕ್ ಹಾಡು ಎತ್ತಿದರು. ಧಾಟಿ ಬೆಣ್ಣೆಯಂತಿತ್ತು. ಸಾಲು ಕಂಡರೆ ಅರ್ಥ ಬಿಡಿಸುವುದು ನನ್ನ ಚಾಳಿ, ಹಾಗಾಗಿ ಕಿವಿಗೊಟ್ಟೆ. ಹಾಡಿನ ಗಂಡ, ಪೆಟ್ಟಿಗೆ ಕಟ್ಟಿಯಾಗಿದೆ, ಮನೆಯ ಬೀಗದ ಕೈ ವಕೀಲರ ಹತ್ತಿರ ಇದೆ, ನಾಯಿಯನ್ನು ಮಾತ್ರ ನಾನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಇಲ್ಲಿ ಮದುಮಗಳು ಮದುಮಗನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಾಳೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟೇಜಿನ ಹತ್ತಿರ ಹೋಗಿ ಗಿಟಾರಿನವನಿಗೆ ಹೇಳಿದೆ. "ಆಂಟಿ, ಇದನ್ನು ನಾವು ಎಲ್ಲ ಮದುವೆಯಲ್ಲಿಯೂ ಹಾಡ್ತೇವೆ. ಅರ್ಥ ಕೇಳಿದ್ದು ನೀವೊಬ್ಬರೇ" ಅಂದ.

ಅಕ್ಕನ ಹತ್ತಿರ ಓಡಿದೆ. "ಇದು ಗಂಡ ಹೆಂಡತಿಯನ್ನು ಬಿಟ್ಟು ಹೋಗುವ ಹಾಡು, ನಿಲ್ಲಿಸಲು ಹೇಳು."

ಅಕ್ಕ ನಗು ಕದಲಿಸದೆ, ಹಲ್ಲಿನ ಸಂದಿಯಿಂದಲೇ ಹೇಳಿದಳು: "ಬಿಟ್ಟು ಹೋಗ್ಲಿ. ನೀನು ಬದಿಗೆ ಹೋಗು, ವಿಡಿಯೋದಲ್ಲಿ ನಿನ್ನ ಬೆನ್ನು ಬರ್ತಾ ಉಂಟು."

ಕವಿಗೋಷ್ಠಿ

ಅಷ್ಟು ಸಾಕಾಯಿತು ನನಗೆ. "ನೋಡಿ, ರಾಕ್ ಹಾಡಿನ ಮಾತನ್ನು ಯಾರೂ ಕೇಳುವುದಿಲ್ಲ" ಅಂದೆ. "ನಿನ್ನ ಕವಿಗಳದ್ದು ಕೇಳ್ತಾರಾ?" ಅಂದರು ಯಜಮಾನರು. ಕೇಳುತ್ತಾರೆ ಅಂತ ತೋರಿಸಲು ಒಂದು ಕವಿಗೋಷ್ಠಿಗೆ ಕರೆದುಕೊಂಡು ಹೋದೆ.

ವೇದಿಕೆಯಲ್ಲಿ ಎಂಟು ಕವಿಗಳು. ಕೆಳಗೆ ಅವರ ಮನೆಯವರು, ನಾವಿಬ್ಬರು, ಮತ್ತು ಊಟದ ಕೂಪನ್ ಹಂಚುವವರು. ಐದನೆಯ ಕವಿ ಗಾಳಿಗೆ ಹಾರಿದ ಹಾಳೆಗಳನ್ನು ಹೆಕ್ಕಿ ಜೋಡಿಸುವ ಗಡಿಬಿಡಿಯಲ್ಲಿ ಓದಿದ ಪುಟವನ್ನೇ ಮತ್ತೆ ಓದಿದರು. ಯಾರೂ ಮಿಸುಕಲಿಲ್ಲ. ಮೊಬೈಲಿನಲ್ಲಿ ಮುಳುಗಿದ್ದ ನಾನೂ ಗಮನಿಸಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಯಜಮಾನರು ಮಾತ್ರ ಆ ಪುಟ ಎರಡನೆಯ ಸಲ ಬಂದ ಕೂಡಲೇ ಕಾಲಲ್ಲಿ ತಾಳ ಹಾಕಿ, ಜೋರಾಗಿ ಚಪ್ಪಾಳೆ ತಟ್ಟಿದರು.

"ಎಂತ ಮಾಡ್ತೀರಿ?" ಅಂದೆ.

"ಪಲ್ಲವಿ ಬಂತಲ್ಲ" ಅಂದರು.

ಆ ಕವಿ ವೇದಿಕೆಯಿಂದ ಇಳಿದು ಬಂದವರೇ ಯಜಮಾನರ ಎರಡೂ ಕೈ ಹಿಡಿದುಕೊಂಡು, "ಮನಸ್ಸಿಟ್ಟು ಕೇಳುವವರು ನಿಮ್ಮಂಥ ಒಬ್ಬರಿದ್ದರೆ ಸಾಕು" ಅಂದರು.

ಒಂಬತ್ತನೆಯ ತರಗತಿ

ತಲೆ ಕೆಟ್ಟು, ಈ ಪ್ರಶ್ನೆಯನ್ನು ಮಕ್ಕಳ ಮುಂದೆಯೇ ಇಟ್ಟೆ. ಪದ್ಯಕ್ಕೂ ಹಾಡಿಗೂ ವ್ಯತ್ಯಾಸವೇನು? ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಾಡು ತನ್ನಷ್ಟಕ್ಕೆ ಬಾಯಿಪಾಠ ಆಗ್ತದೆ ಟೀಚರ್. ಪದ್ಯವನ್ನು ನೀವು ಮಾಡಿಸ್ತೀರಿ" ಅಂದಳು.

ಆ ದಿನ ಬಾಯಿಪಾಠ ಒಪ್ಪಿಸುವುದನ್ನು ಮರುದಿನಕ್ಕೆ ಮುಂದೂಡಿದೆ.

ಇಪ್ಪತ್ತೈದನೆಯ ವರ್ಷ

ಕಳೆದ ವರ್ಷ ನಮ್ಮ ಮದುವೆಯ ಬೆಳ್ಳಿಹಬ್ಬ. ಅದಕ್ಕೆ ಎರಡು ತಿಂಗಳು ಮೊದಲು ನನ್ನ ಮೇಜಿಗೆ ಹಾಡು ಬರುವುದು ನಿಂತೇ ಹೋಯಿತು. ಕೇಳಿದರೆ, "ಇನ್ನು ತೋರಿಸುವುದಿಲ್ಲ. ನಿನಗೆ ತಿದ್ದುವ ಕೆಲಸವೂ ಬೇಡ" ಅಂದರು. ಹಾಡು ಬರುತ್ತಿದ್ದಾಗ ಇದ್ದ ಚಡಪಡಿಕೆಗಿಂತ ಬಾರದಾಗಿನದು ಜಾಸ್ತಿಯಾಯಿತು. ಮಕ್ಕಳ ಉತ್ತರ ಪತ್ರಿಕೆಗಳ ಅಡಿಯಲ್ಲಿ ಕೈಯಾಡಿಸಿ ಹುಡುಕಿದ್ದೂ ಉಂಟು. ಒಂದು ಸಲ ಹೂಂ ಅಂದುಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅಂತ ನನಗೆ ನಿಜವಾಗಿಯೂ ದುಃಖವಾಯಿತು.

ಸಮಾರಂಭದಲ್ಲಿ ಗ್ಲಾಸೆತ್ತಿ ಶುಭ ಕೋರುವ ಟೋಸ್ಟ್ ಮುಗಿಯಿತು, ಕೇಕ್ ಕತ್ತರಿಸಿಯಾಯಿತು. ಯಜಮಾನರು ಗಿಟಾರ್ ಹಾಕಿಕೊಂಡು ಸ್ಟೇಜ್ ಹತ್ತಿದರು. "ಹೊಸ ಹಾಡು. ಸಾಹಿತ್ಯ ನನ್ನದಲ್ಲ" ಅಂದು ಶುರು ಮಾಡಿದರು.

"ಆರಂಭ ಚೆನ್ನಾಗಿದೆ, ಮುಂದೇನಾಯಿತು?
ಇಷ್ಟು ಅವಸರವೇಕೆ?
ಇಲ್ಲಿ ನೀವು ಹೇಳಲು ಹೊರಟದ್ದೇನು?
ಇನ್ನೊಮ್ಮೆ ಬರೆಯಿರಿ, ಇನ್ನೊಮ್ಮೆ ಬರೆಯಿರಿ."

ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಂಡೆ. ಎರಡನೆಯ ಚರಣದಲ್ಲಿ "ಅಕ್ಷರ ದುಂಡಗಿರಲಿ" ಅಂತ ಬಂದಾಗ ಗೊತ್ತಾಯಿತು. ಇಪ್ಪತ್ತೈದು ವರ್ಷ ಅವರ ಹಾಳೆಗಳ ಅಂಚಿನಲ್ಲಿ ನಾನು ಕೆಂಪು ಪೆನ್ನಿನಲ್ಲಿ ಬರೆದ ಮಾತುಗಳನ್ನೇ ಹೆಕ್ಕಿ ಅವರು ಹಾಡು ಮಾಡಿದ್ದರು. ಒಂದು ಹಾಳೆಯನ್ನೂ ಬಿಸಾಡಿರಲಿಲ್ಲ. ಅಷ್ಟರಲ್ಲಿ ಇಡೀ ಹಾಲ್ ಎದ್ದು ನಿಂತು, ನಮ್ಮ ಶಾಲೆಯ ಟೀಚರುಗಳೂ ಸೇರಿ, "ಇನ್ನೊಮ್ಮೆ ಬರೆಯಿರಿ" ಅಂತ ಹಾಡುತ್ತಿತ್ತು.

ಮುಂದಿನ ಸಾಲಿನಲ್ಲಿ ನಮ್ಮ ನಿವೃತ್ತ ಹೆಡ್‌ಮಾಸ್ಟರು ಇದ್ದರು. ಹಳಗನ್ನಡ ಅರೆದು ಕುಡಿದವರು; ಅವರೆದುರು ನಾನು ಇವತ್ತಿಗೂ ಶಬ್ದ ಅಳೆದೇ ಮಾತಾಡುತ್ತೇನೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಎಂಥ ಆಳ ಉಂಟು ಇದರಲ್ಲಿ. ಇದು ಕವಿತೆ ಮಾರಾಯ್ರೆ. ಕವಿ ಯಾರು?" ಅಂದರು.

ಯಜಮಾನರು ಮೈಕ್ ಹಿಡಿದುಕೊಂಡು ಸ್ಟೇಜಿನಿಂದ ಇಳಿದು ನನ್ನ ಹತ್ತಿರವೇ ಬಂದರು. "ಟೀಚರ್, ನೀನೇ ಹೇಳು. ಇದು ಕವಿತೆಯಾ, ಬರೀ ರಾಕ್ ಹಾಡಾ?"

ಹೌದು ಅಂದರೆ ಇಪ್ಪತ್ತೈದು ವರ್ಷದ ವಾದ ಬಿದ್ದುಹೋಗುತ್ತದೆ. ಅಲ್ಲ ಅಂದರೆ ಬಿದ್ದುಹೋಗುವುದು ನನ್ನ ಸಾಹಿತ್ಯವೇ. ಹೆಡ್‌ಮಾಸ್ಟರು ಕಾಯುತ್ತಿದ್ದಾರೆ, ಹಾಲ್ ಕಾಯುತ್ತಿದೆ. ಯಜಮಾನರ ಮುಖ ನೋಡಿದೆ. ಆ ಮುಖಕ್ಕೆ ಇಲ್ಲ ಅನ್ನಲು ಆ ದಿನ ನನ್ನಿಂದ ಆಗಲಿಲ್ಲ.

"ಕವಿತೆ" ಅಂದೆ.

ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ಕಣ್ಣು ಒರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ಮೈಕ್ ಆಫ್ ಆಗಿದೆ ಅಂದುಕೊಂಡು ಅವರ ಕಿವಿಯಲ್ಲಿ ನಾನು ಹೇಳಿದ್ದು ಹಾಲಿಗೆಲ್ಲ ಕೇಳಿಸಿತು: "ಹೆಂಡತಿ ಬರೆದುಕೊಟ್ಟರೆ ಯಾರ ಹಾಡು ಬೇಕಾದರೂ ಕವಿತೆ ಆಗ್ತದೆ."