ಚಿಕ್ಕಪ್ಪನ ಓಟಕ್ಕೆ ನಾವೇ ತೆಂಗಿನ ಮರಗಳು

ಸಮುದ್ರವನ್ನು ಮೊದಲ ಸಲ ಕಂಡವರು ಏನು ಮಾಡುತ್ತಾರೆ? ಬಾಯಿ ಬಿಟ್ಟು ನೋಡುತ್ತಾರೆ, ಕೈ ಮುಗಿಯುತ್ತಾರೆ, ಫೋಟೋ ತೆಗೆಯುತ್ತಾರೆ. ನಮ್ಮ ಚಿಕ್ಕಪ್ಪ ಮಾತ್ರ ಅದಕ್ಕೆ ಬೆನ್ನು ತಿರುಗಿಸಿ, ದಡದ ಮೇಲಿನ ತೆಂಗಿನ ಮರಗಳನ್ನು ದುರುಗುಟ್ಟಿ ನೋಡಿ, "ಥೂ, ಒಂದು ಸಾಲಿಲ್ಲ, ಅಂತರ ಇಲ್ಲ! ಮನಸ್ಸಿಗ್ ಬಂದಂಗೆ ನಿಂತವೆ!" ಎಂದು ಬೈದ.

ಅವನ ಸಿಟ್ಟಿಗೂ ಕಾರಣವಿತ್ತು ಅನ್ನಿ. ಪಂಚನಹಳ್ಳಿಯ ಈ ಮನುಷ್ಯ ಅರವತ್ತು ದಾಟಿದ ಮೇಲೆ ಓಟಗಾರನಾದವನು. ಸಕ್ಕರೆ ಕಾಯಿಲೆಗೆ ದಿನಾ ನಡೆಯಿರಿ ಎಂದಿದ್ದರು ಡಾಕ್ಟರು. "ನಡೆದ್ರೆ ನಿಧಾನಕ್ಕೆ ವಾಸಿ ಆಗುತ್ತೆ, ಓಡಿದ್ರೆ ಬೇಗ" ಎಂಬುದು ಇವನ ತೀರ್ಮಾನ. ಆದರೆ ನಮ್ಮ ಕಡೆ ದೊಡ್ಡವರು ಓಡುವುದಕ್ಕೆ ಎರಡೇ ಕಾರಣ: ಬಸ್ಸು ತಪ್ಪಿರಬೇಕು, ಇಲ್ಲವೇ ಹಸು ಹಗ್ಗ ಕಿತ್ತಿರಬೇಕು! ಇವನು ರಸ್ತೆಗಿಳಿದ ಮೊದಲ ದಿನವೇ ಬೈಕಿನವರು ಒಬ್ಬರಾದ ಮೇಲೊಬ್ಬರು ನಿಲ್ಲಿಸಿದರು. "ಹತ್ಕಳಿ ಯಜಮಾನ್ರೇ, ಬಸ್ ಹಿಡಿಸ್ತೀನಿ!" ಬೇಡ ಎಂದರೆ ಕೇಳುವವರಾರು? ನಾಲ್ಕನೆಯವನು ಬಲವಂತವಾಗಿ ಹತ್ತಿಸಿಕೊಂಡು ಹೋಗಿ ಕಡೂರು ಬಸ್ಸಿಗೆ ಕೂರಿಸಿಯೇ ಬಿಟ್ಟ!

ಅಂದಿನಿಂದ ಚಿಕ್ಕಪ್ಪನ ಓಟ ತನ್ನ ತೋಟದೊಳಗೇ. ಅಲ್ಲಿ ಮೂವತ್ತು ಅಡಿಗೊಂದು ಮರ. ನೂರಹತ್ತು ಮರ ದಾಟಿದರೆ ಒಂದು ಕಿಲೋಮೀಟರ್. "ಮೊಬೈಲಲ್ಲೇ ಅಳೀಬಹುದಲ್ಲ ಚಿಕ್ಕಪ್ಪ?" ಎಂದೆ ನಾನು.

"ಸಿಗ್ನಲ್ ಹೋದ್ರೆ ಫೋನು ಸುಳ್ಳು ಹೇಳುತ್ತೆ ಕಣೇ. ನಾನು ನೆಟ್ಟಿರೋ ಮರ ಹೇಳುತ್ತಾ?"

ಇಂಥವನನ್ನು ಮಲ್ಪೆಗೆ ಹೊರಡಿಸಿದ್ದು ಚಿಕ್ಕಮ್ಮನಿಗಾಗಿ. ಸಮುದ್ರವನ್ನು ಟಿವಿಯಲ್ಲಷ್ಟೇ ಕಂಡಿದ್ದ ಅವಳಿಗೆ ಒಮ್ಮೆಯಾದರೂ ಅಲೆಯಲ್ಲಿ ಕಾಲಿಟ್ಟು ನಿಲ್ಲುವ ಆಸೆ. ಒಬ್ಬಳೇ ಅಲ್ಲ, ಗಂಡನ ಜೊತೆ. ನಮಗಿದ್ದದ್ದು ಮೂರೇ ದಿನ. ಆದರೆ ತರೀಕೆರೆಯಲ್ಲಿ ನಡೆಯುವ ಹತ್ತು ಕಿಲೋಮೀಟರ್ ಓಟಕ್ಕೆ ಚಿಕ್ಕಪ್ಪ ಹೆಸರು ಕೊಟ್ಟಿದ್ದ, ಅದಕ್ಕೂ ಉಳಿದಿದ್ದು ಒಂದೇ ವಾರ. ಒಂದು ದಿನ ಪ್ರಾಕ್ಟೀಸು ತಪ್ಪಿದರೂ ಕಾಲು ಮರೆತುಬಿಡುತ್ತದಂತೆ!

ಸಾಲಿಲ್ಲದ ಊರಲ್ಲಿ ದೂರ ಅಳೆಯುವುದು ಹೇಗೆ? ಚಿಕ್ಕಪ್ಪ ನಮ್ಮನ್ನೆಲ್ಲ ಒಮ್ಮೆ ಎಣಿಸಿದ. ನಾನು, ನನ್ನ ಗಂಡ, ನಮ್ಮಿಬ್ಬರು ಹೆಣ್ಣುಮಕ್ಕಳು, ನನ್ನ ಅಮ್ಮ, ತಂಗಿ, ಚಿಕ್ಕಮ್ಮ. ಒಟ್ಟು ಏಳು. ಹಗ್ಗ ಹಿಡಿದು ಅಳೆದು, ಮೂವತ್ತು ಅಡಿಗೊಬ್ಬರಂತೆ ಮರಳಿನಲ್ಲಿ ನಿಲ್ಲಿಸಿದ! ಈ ತುದಿಯಿಂದ ಆ ತುದಿಗೆ ಹದಿನೆಂಟು ಸಲ ಓಡಿದರೆ ಒಂದು ಕಿಲೋಮೀಟರ್. ನಾನು ಕಾಲು ಕೆರೆದುಕೊಳ್ಳಲು ಬಗ್ಗಿದ್ದೇ ತಡ, "ಅಲ್ಲಾಡ್ಬೇಡ ಕಣೇ, ಮರ ಎಲ್ಲಾದ್ರೂ ಬಗ್ಗುತ್ತಾ?" ಎಂದು ಗದರಿದ. ಸ್ವಲ್ಪ ಹೊತ್ತಿಗೆ ಯಾವುದೋ ಸಂಸಾರ ಬಂದು, "ಬೋಟಿಗೆ ಕ್ಯೂ ಇದೇನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಮ್ಮ ಹಿಂದೆ ನಿಂತಿತು. ಅವರೂ ಮೂವತ್ತು ಅಡಿ ಬಿಟ್ಟೇ ನಿಂತರು! ಚಿಕ್ಕಪ್ಪನ ಖುಷಿ ನೋಡಬೇಕಿತ್ತು. "ನಿಂತ್ಕಳಿ ನಿಂತ್ಕಳಿ, ಸಾಲು ಉದ್ದ ಆದಷ್ಟೂ ಒಳ್ಳೇದು!"

ಚಿಕ್ಕಮ್ಮ ಮಾತ್ರ ನಗಲಿಲ್ಲ. ನೀರಿಗೆ ನಾನು ಕರೆದೊಯ್ಯುತ್ತೇನೆ ಬಾ ಎಂದರೆ, "ಅವ್ರು ಬರ್ಲಿ ತಡಿ" ಎನ್ನುತ್ತಿದ್ದಳು. ಅವನನ್ನು ಕರೆದರೆ, "ಇನ್ನೊಂದ್ ರೌಂಡು!" ಸಂಜೆ ಕರೆದರೆ, "ಕಾಲು ನೋಯ್ತಾವೆ, ನಾಳೆ!" ಈ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ನನಗೆ ನಗು ಹೋಗಿ ಕೋಪವೇ ಬಂತು.

ಮೂರನೆಯ ದಿನ ಬೆಳಿಗ್ಗೆ. ಮಧ್ಯಾಹ್ನಕ್ಕೆ ಊರಿಗೆ ಹೊರಡಬೇಕು. ಸಾಲಿನ ಕೊನೆಗೆ ಚಿಕ್ಕಮ್ಮ ನಿಂತಿದ್ದಳು, ಬೇಕೆಂದೇ ನಾನೂ ಜಾಗ ಬಿಟ್ಟು ಅವಳ ಪಕ್ಕಕ್ಕೆ ಬಂದಿದ್ದೆ. ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದು ಇನ್ನೇನು ತಿರುಗಬೇಕು, ಅವಳು ಸಮುದ್ರ ನೋಡುತ್ತಲೇ ಮೆಲ್ಲಗೆ ಹೇಳಿದಳು: "ಹೋಗ್ಲಿ ಬಿಡಿ. ನೋಡಿದ್ನಲ್ಲ, ಅಷ್ಟೇ ಸಾಕು."

ಚಿಕ್ಕಪ್ಪ ನಿಂತ. ತಲೆ ತಗ್ಗಿಸಿ ಮರಳನ್ನು ಕಾಲಲ್ಲಿ ಕೆದಕಿದ.

"ನಂಗೆ ಭಯ ಕಣೇ" ಎಂದ.

"ನೀರು ಕಂಡ್ರೆ ಭಯಾನಾ?"

"ನೀರೊಂದೇ ಅಲ್ಲ. ಬೋರ್‌ವೆಲ್ ನೀರು ಬಿಟ್ರೆ ನಾನು ಇಷ್ಟು ನೀರು ಎಲ್ ಕಂಡಿದೀನಿ? ಈಜೂ ಬರಲ್ಲ. ನೀನು ನನ್ನೇ ನೆಚ್ಕೊಂಡು ಇಳಿದು, ಅಲೆ ಬಂದಾಗ ನಿನ್ ಕೈ ಜಾರ್ಬಿಟ್ರೆ? ಬಂದಾಗಿಂದ ಅದೇ ಯೋಚ್ನೆ."

ಮೂರು ದಿನ ಅವನು ಓಡಿದ್ದು ತರೀಕೆರೆಗಲ್ಲ ಎಂದು ನನಗೆ ಆಗ ಗೊತ್ತಾಯಿತು. ಅವನನ್ನು ನೋಡಿ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ನಾಲ್ಕು ಜನರೆದುರು ಕೈ ಹಿಡಿಯುವುದಿಲ್ಲ. ನಡೆದರೂ ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ. ಚಿಕ್ಕಮ್ಮ ನಾವೆಲ್ಲ ನೋಡುತ್ತಿದ್ದಂತೆಯೇ ಅವನ ಬೆವೆತ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನೀವ್ ಹಿಡ್ಕೊಬೇಡಿ. ನಾನೇ ಹಿಡ್ಕೊಂಡಿರ್ತೀನಿ, ಬನ್ನಿ" ಎಂದು, ಅವಳು ಮುಂದೆ ಅವನು ಹಿಂದೆ, ಅವನನ್ನು ನೀರಿಗಿಳಿಸಿದಳು.