ನರಳದಿದ್ದರೆ ಒಂದು ಪೆಪ್ಪರಮಿಂಟು

ಚಕ್ರದ ಕುರ್ಚಿಯ ಮೇಲೆ ನಿಲ್ಲಬಾರದು ಎಂದು ಆ ತಗಡಿನ ಡಬ್ಬದ ಕಾರ್ಖಾನೆಯ ಗೋಡೆಗೋಡೆಗೂ ಬರೆದು ಅಂಟಿಸಿದವನೇ ಅಂದು ಬೆಳಿಗ್ಗೆ ಚಕ್ರದ ಕುರ್ಚಿಯ ಮೇಲೆ ನಿಂತಿದ್ದ. ಏಣಿ ಬೇಕೆಂದರೆ ಉಗ್ರಾಣದವರೆಗೆ ನಡೆಯಬೇಕಿತ್ತು, ಕುರ್ಚಿ ಕೈಗೆ ಸಿಕ್ಕಿತ್ತು, ಅಷ್ಟೇ. ಈ ಸುರಕ್ಷತಾ ಗುಮಾಸ್ತ ಕಂಡಕಂಡವರಿಗೆಲ್ಲ "ಹುಷಾರಪ್ಪಾ" ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಹುಷಾರಪ್ಪನೇ ಆಗಿಬಿಟ್ಟಿದ್ದ.

'ಅಪಘಾತವಿಲ್ಲದ ದಿನಗಳು' ಎಂಬ ಹಲಗೆಯಲ್ಲಿ ತೊಂಬತ್ತೊಂಬತ್ತನ್ನು ತೆಗೆದು ನೂರನ್ನು ತೂಗುಹಾಕಬೇಕಿತ್ತು. ನೂರಾದರೆ ಕಾರ್ಖಾನೆಗೆಲ್ಲ ಎರಡು ದಿನ ರಜೆ. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಹುಷಾರಪ್ಪ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಈ ಸಲ ಟಿಕೆಟ್ಟೂ ಬಂದಿತ್ತು, ಪೆಟ್ಟಿಗೆಯೂ ತುಂಬಿತ್ತು. ಎರಡನೆಯ ಸೊನ್ನೆಯನ್ನು ಕೊಕ್ಕೆಗೆ ಸಿಕ್ಕಿಸುವಷ್ಟರಲ್ಲಿ ಕುರ್ಚಿ ಒಂದು ಕಡೆ ಹೊರಟಿತು, ಹುಷಾರಪ್ಪ ಇನ್ನೊಂದು ಕಡೆ ಹೊರಟ.

"ಅಯ್ಯಯ್ಯೋ, ನನ್ನ ಕಾಲು!"

ಓಡಿ ಬಂದವಳು ಪ್ಯಾಕಿಂಗಿನ ಅಕ್ಕ, ಹಿಂದೆಯೇ ವೆಲ್ಡರ್.

"ಸುಮ್ನಿರಿ ಸಾರ್! ನೀವು ಬಿದ್ದಿಲ್ಲ," ಎಂದಳು ಅಕ್ಕ.

"ಬಿದ್ದಿದೀನಲ್ಲಮ್ಮಾ, ಕಣ್ಣು ಕಾಣಲ್ವಾ?"

"ನೀವು ಬಿದ್ರೆ ಮತ್ತೆ ಸೊನ್ನೆಯಿಂದ ಎಣಿಸ್ಬೇಕು. ಎಲ್ಲರ ರಜೆನೂ ಹೋಯ್ತು. ಅದಕ್ಕೇ ನೀವು ಬಿದ್ದಿಲ್ಲ."

"ಸಮುದ್ರ ನೆನೆಸ್ಕೊಳ್ಳಿ ಸಾರ್," ಎಂದ ವೆಲ್ಡರ್.

ಹುಷಾರಪ್ಪ ಸಮುದ್ರವನ್ನು ನೆನೆಸಿಕೊಂಡ. ಕುಂಬಳಕಾಯಿಯಂತೆ ಊದುತ್ತಿದ್ದ ಕಾಲನ್ನು ನೋಡಿಕೊಂಡು, "ಇಲ್ಲ, ಬಿದ್ದಿಲ್ಲ," ಎಂದ.

ಮೂರು ಗಂಟೆಗೆ ಹೊರಗಿನಿಂದ ತಜ್ಞೆಯೊಬ್ಬರು ಬಂದು ನೂರಕ್ಕೆ ಸಹಿ ಹಾಕುವವರಿದ್ದರು. ಅಲ್ಲಿಯವರೆಗೆ ಇವನು ನರಳದಿದ್ದರೆ ಸಾಕಾಗಿತ್ತು. ಅಕ್ಕನಿಗೆ ಅವನದೇ ಉಪಾಯ ಹೊಳೆಯಿತು. ತಪ್ಪಿದವರನ್ನು ಬೈಯಬೇಡಿ, ಸರಿಯಾಗಿ ನಡೆದುಕೊಂಡವರಿಗೆ ಆ ಕ್ಷಣವೇ ಏನಾದರೂ ಕೊಡಿ, ಅಭ್ಯಾಸ ತಾನಾಗಿ ಕೂರುತ್ತದೆ ಎಂದು ತರಬೇತಿಯಲ್ಲಿ ಕಲಿತು ಬಂದು, ಹೆಲ್ಮೆಟ್ ಹಾಕಿದವರಿಗೆಲ್ಲ ಪೆಪ್ಪರಮಿಂಟು ಹಂಚಿದವನು ಅವನೇ ತಾನೇ? ಅಕ್ಕ ಅವನ ಮೇಜಿನಿಂದ ಆ ಡಬ್ಬಿಯನ್ನು ಎತ್ತಿಕೊಂಡಳು.

ನೋವು ಚುಚ್ಚಿದಾಗ ಬಾಯಿ ಮುಚ್ಚಿಕೊಂಡರೆ ಒಂದು ಪೆಪ್ಪರಮಿಂಟು. ನರಳಿದರೆ ಏನೂ ಇಲ್ಲ. ಅಕ್ಕ ಊಟಕ್ಕೆ ಹೋದಾಗ ವೆಲ್ಡರ್ ಡ್ಯೂಟಿ. ಮಧ್ಯಾಹ್ನದ ಹೊತ್ತಿಗೆ ಹುಷಾರಪ್ಪ ಎಷ್ಟು ಪಳಗಿದನೆಂದರೆ, ಕಾಲು ಚುರ್ರೆಂದ ಕೂಡಲೇ ತುಟಿ ತಾನಾಗಿ ಮುಚ್ಚಿ, ಅಂಗೈ ತಾನಾಗಿ ಮುಂದೆ ಬರುತ್ತಿತ್ತು. ಪಾಪ, ಅವನಿಗೇ ಇದು ಗೊತ್ತಾಗಲಿಲ್ಲ.

ತಜ್ಞೆ ಬಂದರು. ಎಲ್ಲರನ್ನೂ ಸೇರಿಸಿ, ಹಲಗೆಯನ್ನು ನೋಡಿ ನಕ್ಕು, ಮ್ಯಾನೇಜರ ಕಡೆ ತಿರುಗಿದರು.

"ನೂರು ದಿನ ತಗಡು ಕತ್ತರಿಸಿ ಒಬ್ಬರ ಬೆರಳಿಗೂ ಗೀರು ಬಿದ್ದಿಲ್ವಾ? ನಾನಂತೂ ನಂಬಲ್ಲ. ರಜೆ ಆಸೆ ತೋರ್ಸಿ ಇವರಿಗೆ ಮುಚ್ಚಿಡೋದನ್ನ ಕಲಿಸಿದೀರಿ. ಆ ಹಲಗೆ ಇಳಿಸಿ, ಆ ರಜೆನೂ ಬೇಡ. ಇವತ್ತು ಏನಾದ್ರೂ ಅಪಘಾತ ಆಗಿದ್ರೆ, ಮೊದಲು ನಿಜ ಹೇಳಿದೋರಿಗೆ ನಾಲ್ಕು ದಿನ ರಜೆ!"

ನಾಲ್ಕು ದಿನ! ಹುಷಾರಪ್ಪನ ಕಿವಿಯಲ್ಲಿ ಅಲೆ ಮೊರೆಯಿತು. ಸಂಭ್ರಮದಿಂದ ಒಂದು ಹೆಜ್ಜೆ ಮುಂದಿಟ್ಟ, ಇಟ್ಟದ್ದು ಆ ಕಾಲನ್ನೇ. ಚುರ್ರೆಂದಿತು. ತುಟಿ ಮುಚ್ಚಿತು. ಅಂಗೈ ಮುಂದೆ ಬಂತು.

"ಏನು ಬೇಕಿತ್ತು?" ಎಂದು ತಜ್ಞೆ ಕೇಳಿದರು.

"ಇವರು ಬೆಳಿಗ್ಗೆ ಕುರ್ಚಿಯಿಂದ ಬಿದ್ರು ಮೇಡಂ! ನಾನೇ ಕಣ್ಣಾರೆ ನೋಡಿದೆ!" ಎಂದು ಕೂಗಿದಳು ಅಕ್ಕ.

ರಜೆ ಅಕ್ಕನಿಗೆ ಸಿಕ್ಕಿತು. ಅಪಘಾತದ ವರದಿ ಬರೆಯುವವರು ಯಾರು ಎಂಬ ಪ್ರಶ್ನೆಗೆ ಮ್ಯಾನೇಜರು ಉತ್ತರ ತಡಕಾಡಲಿಲ್ಲ. ಅದು ಸುರಕ್ಷತಾ ಗುಮಾಸ್ತನದೇ ಕೆಲಸ, ನಾಲ್ಕು ದಿನದೊಳಗೆ, ಮೂರು ಪ್ರತಿ.

ಸಂಜೆ ಕುಂಟುತ್ತಾ ಮನೆ ಸೇರಿದ. ಸುದ್ದಿ ಮೊದಲೇ ಮುಟ್ಟಿತ್ತು. ಹೆಂಡತಿ ಪೆಟ್ಟಿಗೆಯಿಂದ ಅವನ ಅಂಗಿಗಳನ್ನು ಒಂದೊಂದಾಗಿ ಹೊರಗಿಡುತ್ತಿದ್ದಳು.

"ಟಿಕೆಟ್ ಯಾಕೆ ಹಾಳಾಗ್ಬೇಕು? ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನಿಮಗೇನೂ ಬೇಜಾರಿಲ್ಲ ತಾನೇ?"

ಬೇಜಾರೇ? ಹೊಟ್ಟೆ ಉರಿಯುತ್ತಿತ್ತು. ಕೂಗಾಡಬೇಕೆಂದು ಹೊಸ್ತಿಲಿನ ಮೇಲೆ ಕಾಲೂರಿದ. ಚುರ್ರೆಂದಿತು. ತುಟಿ ಮುಚ್ಚಿತು, ಅಂಗೈ ಮುಂದೆ ಬಂತು.

"ನನ್ನ ಅಳಿಯ ಅಂದ್ರೆ ಅಳಿಯ!" ಎನ್ನುತ್ತಾ ಒಳಗಿನಿಂದ ಬಂದ ಅತ್ತೆ ಆ ಅಂಗೈಯಲ್ಲಿ ಮನೆಯ ಬೀಗದಕೈ ಇಟ್ಟರು.