ಖಾಲಿ ಚೀಲದ ಬಾಬತ್ತು

ಗದಗಿನ ಔಷಧಿ ಸಹಕಾರಿ ಉಗ್ರಾಣದ ನಿಯಮ ಹದಿನಾಲ್ಕರ ಪ್ರಕಾರ, ಚೀಲದಲ್ಲಿ ಹೋದ ಸರಕಿನ ಖಾಲಿ ಚೀಲ ಮರಳಿ ಬಾರದೆ ಮುಂದಿನ ಸರಕು ಕೊಡತಕ್ಕದ್ದಲ್ಲ. ಉಗ್ರಾಣವು ಶೇಂಗಾಬೀಜ ಮಾರುತ್ತಿದ್ದ ಕಾಲದ ನಿಯಮ ಅದು. ಕ್ಯಾನ್ಸರಿಗೆ ಅನ್ವಯಿಸುವುದಿಲ್ಲ ಎಂದು ಯಾರೂ ಬರೆದಿರಲಿಲ್ಲ.

ಶಿಗ್ಲಿಯ ನಜೀರಸಾಬ ಮೂವತ್ತು ವರ್ಷ ಗದಗಿನ ಪ್ಯಾಟ್ಯಾಗ ಹಮಾಲಿ ಮಾಡಿದವ. ಎರಡೂ ಹೆಗಲಿಗೆ ಒಂದೊಂದು ಚೀಲ ಹೊತ್ತು, ಮೂರನೆಯದನ್ನು ಹಲ್ಲಿನಾಗ ಕಚ್ಚಿಕೊಂಡು ರೈಲು ಹತ್ತಿದವ. ಕಂಡವರು ಈಗ ಯಾರೂ ಬದುಕಿಲ್ಲ. ಹೆಂಡತಿ ದಿಲಶಾದಬಿಗೆ ಕ್ಯಾನ್ಸರ್. ಎರಡು ಇಂಜಕ್ಷನ್ನಿಗೆ ಗಂಟು ಸಣ್ಣದಾಗಿತ್ತು. ಮೂರನೆಯದು ಸೋಮವಾರ ಆಗಲೇಬೇಕು.

"ಎಂಥಾ ಔಷಧಿ ಇದು?" ಎಂದು ಉಗ್ರಾಣದ ಗುಮಾಸ್ತ ಪುಂಡಲೀಕಪ್ಪ ಡಾಕ್ಟರ ಚೀಟಿ ನೋಡಿ ಕೇಳಿದ.

ಡಾಕ್ಟರು ಹೇಳಿದ್ದನ್ನು ನಜೀರಸಾಬ ತನ್ನ ಕಸಬಿನ ಹೆಮ್ಮೆ ಬೆರೆಸಿ ಹೇಳಿದ. "ವಿಷದಂಥಾದ್ದು ಸಾಹೇಬ್ರ. ಬಿಡಿಯಾಗಿ ಬಿಟ್ರ ಮೈಯೆಲ್ಲಾ ಸುಡತೈತಿ. ಅದಕ್ಕ ಜಿಡ್ಡಿನ ಚೀಲದಾಗ ತುಂಬ್ಯಾರ. ಕಣ್ಣಿಗೆ ಕಾಣಂಗಿಲ್ಲ. ರಕ್ತದಾಗ ಹೋಗಿ ಗಂಟಿನ ಬಾಗಲದಾಗ ಮಾಲು ಇಳಸತಾವ. ಅಂಥಾ ಹಮಾಲ ನಾನೂ ಆಗಲಿಲ್ಲ."

"ಎಷ್ಟು ಚೀಲ?"

"ಕೋಟಿಗಟ್ಟಲೆ."

ಪುಂಡಲೀಕಪ್ಪ ಪೆನ್ನು ಕೆಳಗಿಟ್ಟ. "ಮೊದಲಿನ ಎರಡು ಸಲದ ಖಾಲಿ ಚೀಲ ಎಲ್ಲಿ?"

"ಆಕಿ ಮೈಯಾಗ ಕರಗ್ಯಾವ್ರಿ."

"ಕರಗಿದ್ದಕ್ಕ ಕಾಲಂ ಇಲ್ಲ."

ಮರುದಿನ ನಜೀರಸಾಬ ಎರಡು ಗೋಣಿಚೀಲ ತಂದಿಟ್ಟ. ಅವು ಕಣ್ಣಿಗೆ ಕಾಣುತ್ತಿದ್ದ ಕಾರಣ ತಿರಸ್ಕೃತವಾದವು. ಆಗ ಅವನಿಗೆ ಪ್ಯಾಟಿಯ ರಿವಾಜು ನೆನಪಾಯಿತು.

"ಸಾಹೇಬ್ರ, ಗೋದಾಮಿನಿಂದ ಗೋದಾಮಿಗೆ ಮಾಲು ಹೋದ್ರ ಖಾಲಿ ಚೀಲ ಕೇಳತೀರೇನ್ರಿ?"

"ಇಲ್ಲ. ಯಾಕ?"

"ಚೀಲ ಎಲ್ಲಾ ಆಕಿ ಹಂತೇಕ ಅದಾವಲ್ರಿ. ಆಕೀನ ಗೋದಾಮು ಅಂತ ಬರಕೋರ್ರಿ."

ಪುಂಡಲೀಕಪ್ಪ ಮೊದಲ ಸಲ ಎದ್ದು ನಿಂತು ಮಾತಾಡಿದ. ಶನಿವಾರ ಪ್ರಕಟಣೆ ಹೊರಬಿತ್ತು: "ಶಿಗ್ಲಿಯ ದಿಲಶಾದಬಿ ಕೋಂ ನಜೀರಸಾಬ ಇವರನ್ನು ಈ ಮೂಲಕ ಉಪ-ಉಗ್ರಾಣ ಎಂದು ಘೋಷಿಸಲಾಗಿದೆ. ಇವರು ಪೂರ್ವಾನುಮತಿಯಿಲ್ಲದೆ ತಾಲೂಕು ದಾಟತಕ್ಕದ್ದಲ್ಲ."

ಸೋಮವಾರ ಇಂಜಕ್ಷನ್ ಆಯಿತು. ತಿಂಗಳಿಗೊಮ್ಮೆ ಪುಂಡಲೀಕಪ್ಪ ಶಿಗ್ಲಿಗೆ ತಪಾಸಣೆಗೆ ಬಂದ. ದಿಲಶಾದಬಿ ಕೊಟ್ಟ ಚಹಾ ಕುಡಿದು, "ಸರಕು ಭದ್ರ. ಸೋರಿಕೆ ಇಲ್ಲ. ಇಲಿ ಕಾಟ ಇಲ್ಲ" ಎಂದು ಬರೆದ.

ಆರು ಇಂಜಕ್ಷನ್ ಮುಗಿದ ಮೇಲೆ ಗಂಟು ಪೂರಾ ಕರಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ಹೆಂಡತಿಯ ಹೆಸರನ್ನು ಉಗ್ರಾಣದ ಲೆಕ್ಕದಿಂದ ತೆಗೆಸಲು ನಜೀರಸಾಬ ಆ ಚೀಟಿ ಹಿಡಿದು ಗದಗಿಗೆ ಹೋದ. ಪುಂಡಲೀಕಪ್ಪ ಎರಡು ಸಲ ಓದಿ, ಸಂತೋಷಪಟ್ಟು, ಮರಳಿಸಿದ.

"ಭಾಳ ಛಲೋ ಆತು. ಆದ್ರ ಕರಗಿದ್ದಕ್ಕ ಕಾಲಂ ಇಲ್ಲ."

ಹೀಗಾಗಿ ತಂಗಿಯ ಮಗಳು ಮಹೆಕಳ ಮದುವಿಗೆ ದಿಲಶಾದಬಿ ಮುಂಡರಗಿಗೆ ಹೋದದ್ದು ಸ್ಥಳಾಂತರ ಪರವಾನಗಿಯ ಮೇಲೆ. ಷರತ್ತಿನಂತೆ ಸೆರಗಿನಲ್ಲಿ ಬೀಗ ಕಟ್ಟಿಕೊಂಡು. ಬೀಗ ಯಾಕೆಂದು ಅಲ್ಲಿ ಯಾರೂ ಕೇಳಲಿಲ್ಲ. ತಂಗಿ ಮೋತಿಬಿ ಮಾತ್ರ, "ಕೀಲಿ ಯಾರ ಹಂತೇಕ ಐತಿ ಅಕ್ಕಾ?" ಎಂದಳು.

"ನಿನ್ನ ಭಾವನ ಹಂತೇಕ. ಉಗ್ರಾಣದ ಕಾವಲುಗಾರ ಅಂತ ಅರ್ಜಿ ಹಾಕ್ಯಾನ."